ಓದುಗರ ಪ್ರಶ್ನೆ: ಪ್ಯಾಸಡೀನಾದ ಮರದ ಮನೆಯಲ್ಲಿ ಮೊಳೆಯೇ ಇಲ್ಲವೆ?

ಪ್ರಶ್ನೆ: ಲಾಸ್ ಏಂಜಲೀಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಪ್ಯಾಸಡೀನಾ ಪಟ್ಟಣದ ಗ್ಯಾಂಬಲ್ ಹೌಸ್ ನೋಡಿಬಂದೆ. ತೊಲೆಗಳ ಸಂದಿನಲ್ಲಿ ಬೆಣೆ, ಎಲ್ಲೆಂದರಲ್ಲಿ ಕರಿಯ ಚೌಕ ಗೂಟಗಳ ತಲೆ ಕಂಡು ನಮ್ಮ ಕಡೆಯ ಹಳೆಯ ಮನೆಗಳ ಬಡಗಿ ಕೆಲಸ ನೆನಪಾಯಿತು. ಇಡೀ ಮನೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲವೆಂದು ಜೊತೆಯಲ್ಲಿದ್ದವರೊಬ್ಬರು ಹೇಳಿದರು. ನಿಜವೆ? ಇದು ಜಪಾನಿನ ಶೈಲಿಯೊ, ಇಂಗ್ಲೆಂಡಿನದೊ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಜವಲ್ಲ. ಆ ಮನೆಯಲ್ಲಿ ಮೊಳೆಯೂ ಇದೆ, ತಿರುಪು ಮೊಳೆಯೂ ಇದೆ. ಹೊರಗಿನ ದಪ್ಪ ತೊಲೆಗಳನ್ನು ಬಿಗಿದಿರುವುದು ಕಬ್ಬಿಣದ ಪಟ್ಟಿ, ನೀವು ಕಂಡ ಬೆಣೆ ಆ ಪಟ್ಟಿಯನ್ನು ಬಿಗಿಗೊಳಿಸಲು ಹೊಡೆದದ್ದು. ಕರಿಯ ಚೌಕಗಳು ಎಬೊನಿ ಮರದವು, ಅವುಗಳಲ್ಲಿ ಹಲವು ಹಿಂದಿರುವ ತಿರುಪು ಮೊಳೆಯನ್ನು ಮರೆಮಾಡುವ ಮುಚ್ಚಳಗಳು. ಹಾಗೆಂದು ಇದನ್ನು ಬರಿಯ ಸೋಗು ಎನ್ನಲಾಗದು. ಈ ಮನೆಯನ್ನು ಕಟ್ಟಿದ ಗ್ರೀನ್ ಸೋದರರ ಮೇಜುಗಳಲ್ಲಿ ಹಲಗೆಯ ತುದಿಗೆ ಒಂದು ಅಡ್ಡಪಟ್ಟಿ ಕೂಡಿಸಿರುತ್ತಾರೆ. ಮರ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುವುದು ಅಗಲದಲ್ಲಿಯೇ ಹೊರತು ಉದ್ದದಲ್ಲಿ ಅಷ್ಟಾಗಿ ಅಲ್ಲವಾದ್ದರಿಂದ, ಅಡ್ಡಪಟ್ಟಿಯನ್ನು ಅಂಟುಹಾಕಿ ಕಟ್ಟಿಬಿಟ್ಟರೆ ಹಲಗೆ ಸೀಳುತ್ತದೆ. ಅದಕ್ಕಾಗಿ ತಿರುಪು ಮೊಳೆಯ ತೂತನ್ನು ಕೊಂಚ ಉದ್ದವಾಗಿ ಕೊರೆದು, ಮೊಳೆ ಅದರೊಳಗೆ ಸರಿದಾಡುವಂತೆ ಬಿಟ್ಟು, ಮೇಲೆ ಎಬೊನಿಯ ಚೌಕವನ್ನು ಕೂರಿಸುತ್ತಿದ್ದರು. ಬೆರಳಾಡಿಸಿದರೆ ಆ ಚೌಕ ಹಲಗೆಯ ಮಟ್ಟದಿಂದ ಒಂದಿಷ್ಟು ಉಬ್ಬಿರುವುದು, ಅದರ ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿರುವುದು ತಿಳಿಯುತ್ತದೆ. ಈ ಮನೆಯಲ್ಲಿ ಅಲಂಕಾರವೆಂದರೆ ಬಹುಮಟ್ಟಿಗೆ ಸಂದುಗಳೇ.

ಶೈಲಿಯ ಮಾತಿಗೆ ಬಂದರೆ, ಮೂಲ ಇಂಗ್ಲೆಂಡಿನದು. ಯಂತ್ರದ ಸರಕಿನ ಅಗ್ಗದ ಥಳಕಿಗೆ ಬೇಸತ್ತು ಕೈಕೆಲಸದ ಘನತೆಯನ್ನು ಎತ್ತಿಹಿಡಿದ ವಿಲಿಯಂ ಮಾರಿಸ್‌ಗಾಗಿ ಫಿಲಿಪ್ ವೆಬ್ 1859-60ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ‘ರೆಡ್ ಹೌಸ್’ ಈ ಪರಂಪರೆಯ ಮೊದಲ ಮನೆಯೆನಿಸಿದೆ. ಈ ಚಳವಳಿಗೆ ‘ಆರ್ಟ್ಸ್ ಅಂಡ್ ಕ್ರಾಫ್ಟ್ಸ್’ ಎಂಬ ಹೆಸರು ಬಂದದ್ದು 1887ರ ಸುಮಾರಿಗೆ. ಚಾರ್ಲ್ಸ್ ಮತ್ತು ಹೆನ್ರಿ ಗ್ರೀನ್ ಸೇಂಟ್ ಲೂಯಿಸ್‌ನಲ್ಲಿ ಕೈಕೆಲಸ ಕಲಿಸುವ ಶಾಲೆಯಲ್ಲಿ ಓದಿ, ಬಳಿಕ ವಾಸ್ತುಶಿಲ್ಪ ಕಲಿತವರು. ವಾಸ್ತುಶಿಲ್ಪಿಗಳಾಗುವ ಮುನ್ನವೇ ಉಳಿ, ಉಜ್ಜುಗೊರಡು ಹಿಡಿದವರು. 1893ರ ಷಿಕಾಗೊ ಪ್ರದರ್ಶನದಲ್ಲಿ ಜಪಾನಿನ ಮರದ ಕಟ್ಟಡವನ್ನು ಕಂಡರೆನ್ನುತ್ತಾರೆ, ಆದರೆ ಜಪಾನಿಗೆ ಇಬ್ಬರೂ ಹೋದವರಲ್ಲ. ಇಂಗ್ಲೆಂಡಿನ ಆದರ್ಶ, ಜಪಾನಿನ ಮರಗೆಲಸದ ನೋಟ, ಕ್ಯಾಲಿಫೋರ್ನಿಯಾದ ಬಿಸಿಲು ಈ ಮೂರೂ ಕೂಡಿದ್ದರಿಂದ 1908-09ರಲ್ಲಿ ಈ ಮನೆ ಎದ್ದಿತು. ಮೂರರಲ್ಲಿ ಬಿಸಿಲಿನ ಪಾಲೇ ದೊಡ್ಡದೆಂದು ನನ್ನೆಣಿಕೆ: ಉದ್ದಕ್ಕೆ ಚಾಚಿದ ಸೂರು ಗೋಡೆಗೆ ನೆರಳು ಕೊಡುತ್ತದೆ, ಎದುರುಬದುರು ಕಿಟಕಿಗಳು ಗಾಳಿಯಾಡಿಸುತ್ತವೆ, ಮಹಡಿಯ ಕೋಣೆಗಳಿಗೆ ತಾಗಿದ ತೆರೆದ ಜಗಲಿಗಳಿರುವುದು ರಾತ್ರಿ ಹೊರಗಾಳಿಯಲ್ಲಿ ಮಲಗಲೆಂದೇ. ಸೂರಿನಾಚೆಗೆ ಬಯಲಿಗೆ ಬಿದ್ದ ಪಕಾಸುಗಳ ತುದಿ ಮಾತ್ರ ಮಳೆ ಬಿಸಿಲಿಗೆ ಲಡ್ಡಾಗಿ, 2003-04ರ ದುರಸ್ತಿಯಲ್ಲಿ ದೊಡ್ಡ ಕೆಲಸವನ್ನೇ ಬೇಡಿತು. ಅಂದಕ್ಕೆಂದು ತೆರೆದಿಟ್ಟ ಮರಕ್ಕೆ ತೆತ್ತ ಬೆಲೆಯದು.

ಮತ್ತೊಮ್ಮೆ ಹೋದರೆ ಬೆಳಗಿನ ಹೊತ್ತಿನಲ್ಲಿ ಮುಂಬಾಗಿಲ ಒಳಬದಿಗೆ ನಿಂತು ನೋಡಿ. ತೇಗದ ಚೌಕಟ್ಟಿನ ಅಗಲ ಬಾಗಿಲು ಮತ್ತು ಅದರ ಇಕ್ಕೆಲದ ಬಾಗಿಲುಗಳು ಸೇರಿದಂತೆ ಹಬ್ಬಿರುವ ಓಕ್ ಮರವನ್ನು ಎಮಿಲ್ ಲಾಂಗೆ ಬಣ್ಣದ ಗಾಜಿನಲ್ಲಿ ಮೂಡಿಸಿದ್ದಾನೆ. ಮೂಡಣದ ಬೆಳಕು ಅದನ್ನು ಹಾಯ್ದು ಬಂದಾಗ ಹಜಾರದ ತೇಗದ ಮೇಲೆ ಹೊಂಬಣ್ಣ ಚೆಲ್ಲುತ್ತದೆ.

ಪ್ರಶ್ನೆ: ಕೈಕೆಲಸದ ಘನತೆ, ಸರಳ ಬದುಕು ಎಂದೆಲ್ಲ ಹೇಳಿದವರ ಶೈಲಿಯಲ್ಲಿ ಸೋಪಿನ ಕಂಪನಿಯ ಶ್ರೀಮಂತರು ಮನೆ ಕಟ್ಟಿಸಿಕೊಂಡದ್ದು ವಿರೋಧಾಭಾಸವಲ್ಲವೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಹೌದು, ಈ ಚಳವಳಿಯ ಕೊರಳಿಗೆ ಮೊದಲಿನಿಂದಲೂ ಸುತ್ತಿಕೊಂಡಿದ್ದ ತೊಡಕದು. ಪ್ರತಿ ಅಂಚನ್ನೂ ಕೈಯಲ್ಲಿ ಉಜ್ಜಿಸಿದರೆ ಕೂಲಿ ಏರುತ್ತದೆ, ಕೂಲಿ ಏರಿದರೆ ಮನೆ ಬಡವನ ಕೈಗೆಟುಕದು. ಮಾರಿಸ್ ಕೂಡ ಇದರಿಂದ ನೊಂದವನೇ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಮನೆತನದ ಡೇವಿಡ್ ಗ್ಯಾಂಬಲ್‌ಗೆ ಇದು ಸಿನ್ಸಿನಾಟಿಯ ಚಳಿ ತಪ್ಪಿಸಿಕೊಳ್ಳಲು ಕಟ್ಟಿಸಿದ ಚಳಿಗಾಲದ ಮನೆ. ಆದರೆ ಇದನ್ನು ಉಳಿಸಿದವರೂ ಅದೇ ಮನೆತನದವರು. ಮುಂದಿನ ತಲೆಮಾರಿನವರು ಮಾರಲು ಹೊರಟಾಗ, ಕೊಳ್ಳಲು ಬಂದವರು ಒಳಗಿನ ತೇಗಕ್ಕೆಲ್ಲ ಬಿಳಿ ಬಣ್ಣ ಬಳಿಯುವ ಮಾತಾಡಿದ್ದು ಕಿವಿಗೆ ಬಿದ್ದು ಮಾರಾಟವನ್ನೇ ಕೈಬಿಟ್ಟರಂತೆ. 1966ರಲ್ಲಿ ಮನೆ, ಅದಕ್ಕೆಂದೇ ಮಾಡಿದ ಪೀಠೋಪಕರಣಗಳ ಸಮೇತ, ಪ್ಯಾಸಡೀನಾ ನಗರಕ್ಕೆ ದಾನವಾಗಿ ಬಂದಿತು.