ತಾತಾರ್ ಜನರು ತಾವು ರಷ್ಯನ್ನರಲ್ಲ ಎನ್ನುವುದೇಕೆ?

ನಿಮ್ಮ ತಾತಾರ್ ಸಹೋದ್ಯೋಗಿ ರಷ್ಯಾದಲ್ಲೇ ಹುಟ್ಟಿ ಬೆಳೆದವರು, ಆದರೂ ‘ನಾನು ರಷ್ಯನ್ ಅಲ್ಲ’ ಎಂದರು. ಅವರಿಗೆ ದೇಶದ ಮೇಲೆ ಸಿಟ್ಟೇ ಎಂದು ಕೇಳಿದ್ದೀರಿ.

ಸಿಟ್ಟು ಇರಲೇಬೇಕೆಂದಿಲ್ಲ. ತಾತಾರರು ರಷ್ಯಾದಲ್ಲಿರುವ, ತಮ್ಮದೇ ಭಾಷೆಯುಳ್ಳ ಒಂದು ಜನಾಂಗ. ಅಲ್ಲಿ ಪೌರತ್ವ ಬೇರೆ, ಜನಾಂಗ ಬೇರೆ. ದೇಶದ ಪ್ರಜೆ ಯಾರೇ ಆಗಲಿ ‘ರಸ್ಸಿಯಾನಿನ್’. ಜನಾಂಗದಿಂದ ರಷ್ಯನ್ ಆದವನು ಮಾತ್ರ ‘ರುಸ್ಕಿ’. ನಾನು ರಷ್ಯಾದೊಳಗಿನ ತಾತಾರರ ಗಣರಾಜ್ಯ ತಾತಾರ್‌ಸ್ತಾನದ ರಾಜಧಾನಿ ಕಜಾನ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ ತಾತಾರ್ ಸಹಪಾಠಿಗಳು, ನೆರೆಯ ಚುವಾಶ್ ಜನಾಂಗದ ಸಹಪಾಠಿಗಳು ಊರಿನ ಹೆಸರು ಹೇಳುವಷ್ಟೇ ಸಹಜವಾಗಿ ತಮ್ಮ ಜನಾಂಗವನ್ನೂ ಹೇಳುತ್ತಿದ್ದರು.

ಈ ಭೇದವನ್ನು ಗಟ್ಟಿ ಮಾಡಿದ್ದು ಸೋವಿಯತ್ ಸರ್ಕಾರದ ಕಾಗದಪತ್ರ. 1932ರಲ್ಲಿ ಜಾರಿಗೆ ಬಂದ ಆಂತರಿಕ ಪಾಸ್‌ಪೋರ್ಟ್‌ನಲ್ಲಿ (ದೇಶದೊಳಗೆ ಬಳಸುವ ಗುರುತಿನ ಪತ್ರ) ಜನಾಂಗಕ್ಕೆಂದೇ ಒಂದು ಸಾಲಿತ್ತು. ಮುಂದೆ ಅದು ಹೆತ್ತವರಿಂದ ಮಕ್ಕಳಿಗೆ ಬರುವಂಥದ್ದಾಯಿತು. ತಂದೆ ತಾಯಿ ಬೇರೆ ಬೇರೆ ಜನಾಂಗದವರಾಗಿದ್ದರೆ ಹದಿನಾರನೇ ವಯಸ್ಸಿನಲ್ಲಿ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಿತ್ತು. ಮಾಸ್ಕೋದಲ್ಲಿ ಹುಟ್ಟಿ, ರಷ್ಯನ್ ಬಿಟ್ಟು ಬೇರೆ ಭಾಷೆಯೇ ಬಾರದ ಯಹೂದಿ ಹುಡುಗನೂ ದಾಖಲೆಯಲ್ಲಿ ಯಹೂದಿಯೇ. ಎಷ್ಟೋ ಪ್ರತಿಭಾವಂತರಿಗೆ ಒಳ್ಳೆಯ ವಿಶ್ವವಿದ್ಯಾಲಯದ ಪ್ರವೇಶ ತಪ್ಪಿದ್ದು ಇದರಿಂದಲೇ.

1997ರಲ್ಲಿ ಹೊಸ ಪಾಸ್‌ಪೋರ್ಟ್ ಬಂದಾಗ ಆ ಸಾಲನ್ನು ತೆಗೆದುಹಾಕಿದರು. ಆಗ ತೀವ್ರವಾಗಿ ಪ್ರತಿಭಟಿಸಿದ್ದು ತಾತಾರ್‌ಸ್ತಾನ! ಯಹೂದಿಗಳಿಗೆ ಶಾಪವಾಗಿದ್ದ ಸಾಲು ತಾತಾರರಿಗೆ ತಮ್ಮ ಅಸ್ತಿತ್ವವನ್ನು ಸರ್ಕಾರವೇ ಒಪ್ಪಿಕೊಂಡದ್ದಕ್ಕೆ ಸಾಕ್ಷಿಯಾಗಿತ್ತು. ಈ ಎರಡು ನೋವುಗಳಲ್ಲಿ ಯಾವುದೂ ಸುಳ್ಳಲ್ಲ.

ಕಲೆ, ಸಾಹಿತ್ಯಗಳ ಮಾತಿಗೆ ಬಂದರೆ ಈ ಗೆರೆ ಅಳಿಸಿಹೋಗುತ್ತದೆ. ರಷ್ಯಾದ ನಿಸರ್ಗವನ್ನು ಅಷ್ಟೊಂದು ಪ್ರೀತಿಯಿಂದ ಚಿತ್ರಿಸಿದ ಇಸಾಕ್ ಲೆವಿತಾನ್ ಯಹೂದಿ. ಆದರೂ ಯಹೂದಿ ಎಂಬ ಕಾರಣಕ್ಕೇ 1892ರಲ್ಲಿ ಅವರು ಮಾಸ್ಕೋ ತೊರೆಯಬೇಕಾಯಿತು.

ನನ್ನನ್ನು ಕಾಡುವುದು ಭಾಷೆಗಳ ಗತಿ. 2018ರ ಕಾನೂನು ತಾತಾರ್‌ಸ್ತಾನದಂಥ ಗಣರಾಜ್ಯಗಳ ಶಾಲೆಗಳಲ್ಲಿ ಸ್ಥಳೀಯ ಭಾಷೆಯ ಕಲಿಕೆಯನ್ನು ಐಚ್ಛಿಕಗೊಳಿಸಿತು. ಮರುವರ್ಷ ಉದ್ಮುರ್ತ್ ಎಂಬ ಇನ್ನೊಂದು ಜನಾಂಗದ ವಿದ್ವಾಂಸ ಆಲ್ಬರ್ಟ್ ರಾಜಿನ್ ತಮ್ಮ ಭಾಷೆಗಾಗಿ ಇಝೆವ್ಸ್ಕ್ ನಗರದಲ್ಲಿ ಆತ್ಮಾಹುತಿ ಮಾಡಿಕೊಂಡರು. 2020ರ ಸಂವಿಧಾನ ತಿದ್ದುಪಡಿ ರಷ್ಯನ್ ಭಾಷೆಯನ್ನು ‘ರಾಜ್ಯವನ್ನು ಕಟ್ಟಿದ ಜನಾಂಗದ ಭಾಷೆ’ ಎಂದು ಕರೆಯಿತು. ಬಹುಜನಾಂಗಗಳ ಜನತೆ ನಾವು ಎಂದು ಆರಂಭವಾಗುವ ಸಂವಿಧಾನದಲ್ಲಿ ಇಂಥ ಮಾತು ಸೇರಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಉಳಿದವರು ಕಟ್ಟಲಿಲ್ಲವೇ?

ನಿಮ್ಮ ಸಹೋದ್ಯೋಗಿಯನ್ನು ಅವರ ಮನೆಯ ಮಾತಿನ ಬಗ್ಗೆ, ಮಕ್ಕಳು ಅದನ್ನು ಕಲಿಯುತ್ತಿದ್ದಾರೆಯೇ ಎಂಬುದರ ಬಗ್ಗೆ ಕೇಳಿ ನೋಡಿ. ದೇಶದ ಮೇಲೆ ಸಿಟ್ಟೇ ಎಂದು ಮಾತ್ರ ಕೇಳಬೇಡಿ.