ಸೂಟ್‌ಕೇಸಿನಲ್ಲಿರುವ 14 ಪುಟ

ಅಮೆರಿಕದ ಕ್ಲೀವ್‌ಲ್ಯಾಂಡಿನಿಂದ ಸೋದರಿಯೊಬ್ಬರು ಬರೆದ ಪತ್ರವನ್ನು ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ಕೋಪ ಬಂತು, ಅವರ ಮೇಲಲ್ಲ.

ವಯಸ್ಸು 39, ಇಬ್ಬರು ಗಂಡುಮಕ್ಕಳು, ವಿಮಾ ಕಂಪನಿಯಲ್ಲಿ ನೌಕರಿ, ಕಾದಂಬರಿ ಬರೆಯುವ ಆಸೆ. ಪತಿಯ ಸ್ನೇಹಿತರೊಬ್ಬರು, ಯುಗಾದಿ ಕವಿಗೋಷ್ಠಿಯನ್ನು ಒಂದು ವರ್ಷವೂ ತಪ್ಪಿಸದವರು, ಊಟಕ್ಕೆ ಬಂದಾಗ "ಸಾಹಿತ್ಯವೆಂದರೆ ತಪಸ್ಸು. ಬರೆಯುವುದಾದರೆ ನೌಕರಿ ಬಿಡಿ, ಇಲ್ಲವಾದರೆ ಆಸೆ ಬಿಡಿ" ಎಂದರಂತೆ. ಅಂದಿನಿಂದ ಇವರು ರಾಜೀನಾಮೆ ಪತ್ರ ಬರೆದಿಟ್ಟುಕೊಂಡು ನಿದ್ದೆಗೆಟ್ಟಿದ್ದಾರೆ. "ಕಾದಂಬರಿಕಾರ್ತಿ ಟೋನಿ ಮಾರಿಸನ್ ಹುಟ್ಟಿದ ಲೊರೇನ್ ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಅವರಂತೆ ಎಲ್ಲವನ್ನೂ ಬಿಟ್ಟು ಬರೆಯುವ ಧೈರ್ಯ ನನಗಿದೆಯೇ?" ಎಂಬುದು ಪ್ರಶ್ನೆ.

ಆಕೆ ಎಲ್ಲವನ್ನೂ ಬಿಟ್ಟರೆಂದು ನಿಮಗೆ ಹೇಳಿದವರು ಯಾರು? ಆ ಕವಿಗಳೇ ಇರಬೇಕು.

1931ರಲ್ಲಿ ಉಕ್ಕಿನ ಕಾರ್ಖಾನೆಯ ಆ ಊರಿನಲ್ಲಿ ಹುಟ್ಟಿದ ಮಾರಿಸನ್, ಮುಂದೆ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಬರೆಯುವವರ ಒಂದು ಸಣ್ಣ ಗುಂಪು ಸೇರಿದ್ದರು. ಅಲ್ಲಿ ಓದಲೆಂದು, ನೀಲಿ ಕಣ್ಣಿಗಾಗಿ ಹಂಬಲಿಸುವ ಕಪ್ಪು ಹುಡುಗಿಯ ಪುಟ್ಟ ಕಥೆಯೊಂದನ್ನು ಬರೆದು, ಆಮೇಲೆ ಬದಿಗಿಟ್ಟರು. 1964ರಲ್ಲಿ ವಿಚ್ಛೇದನ. ಇಬ್ಬರು ಎಳೆಯ ಮಕ್ಕಳನ್ನು ಕಟ್ಟಿಕೊಂಡು ಸಿರಾಕ್ಯೂಸಿಗೆ ಹೋಗಿ ಪಠ್ಯಪುಸ್ತಕ ಪ್ರಕಾಶನವೊಂದರಲ್ಲಿ ಸಂಪಾದಕಿಯಾದರು. ಅಲ್ಲಿ ಆ ಹಳೆಯ ಕಥೆಯನ್ನು ಹೊರತೆಗೆದು, ಮಕ್ಕಳು ಮಲಗಿದ ಮೇಲೆ ಒಂದಿಷ್ಟು, ಏಳುವ ಮುಂಚೆ ಒಂದಿಷ್ಟು ಬೆಳೆಸಿದರು. ಒಮ್ಮೆ ಅವರು ಬರೆಯುತ್ತಿದ್ದ ಹಾಳೆಯ ಮೇಲೆಯೇ ಮಗು ಕಕ್ಕಿತು. ಒರೆಸಲು ಏಳದೆ, ಕಕ್ಕಿದ ಜಾಗವನ್ನು ಬಿಟ್ಟು ಸುತ್ತಲೂ ಬರೆದರು. ಒರೆಸುವುದು ಆಮೇಲೂ ಆಗುತ್ತದೆ, ಆ ವಾಕ್ಯ ಆಮೇಲೆ ಸಿಗುತ್ತದೆಯೇ?

ಆ ಕಥೆಯೇ ಕಾದಂಬರಿಯಾಗಿ, 'ದ ಬ್ಲೂಯೆಸ್ಟ್ ಐ' ಎಂಬ ಹೆಸರಿನಲ್ಲಿ 1970ರಲ್ಲಿ ಅಚ್ಚಾದಾಗ ಅವರಿಗೆ ನಿಮ್ಮದೇ ವಯಸ್ಸು. ಆಗಲೂ ಕೆಲಸ ಬಿಡಲಿಲ್ಲ. ರ‍್ಯಾಂಡಮ್ ಹೌಸ್ ಪ್ರಕಾಶನದಲ್ಲಿ ಹೋರಾಟಗಾರ್ತಿ ಏಂಜೆಲಾ ಡೇವಿಸ್ ಮತ್ತು ಬಾಕ್ಸರ್ ಮಹಮದ್ ಅಲಿ ಅವರ ಆತ್ಮಕಥೆಗಳನ್ನು ತಿದ್ದುತ್ತಲೇ ತಮ್ಮ ಕಾದಂಬರಿಗಳನ್ನು ಬರೆದರು. 1983ರಲ್ಲಿ ಆ ನೌಕರಿ ಬಿಡುವ ಹೊತ್ತಿಗೆ ನಾಲ್ಕು ಕಾದಂಬರಿಗಳು ಬಂದಾಗಿದ್ದವು. ಬಿಟ್ಟ ಕೆಲವೇ ದಿನಗಳಲ್ಲಿ, ಹಡ್ಸನ್ ನದಿಯ ದಡದಲ್ಲಿ ಮನೆಯ ಮುಂದೆ ಕುಳಿತಿದ್ದಾಗ ಎದೆ ಹೊಡೆದುಕೊಂಡಿತಂತೆ. ಏನಾಯಿತೆಂದು ಗಾಬರಿಯಾಗಿ ನೋಡಿಕೊಂಡರೆ ಅದು ಸಂತೋಷವಂತೆ! 'ಬಿಲವೆಡ್' ಕಾದಂಬರಿ ಬಂದದ್ದು ಅದಾದ ಮೇಲೆ, 1987ರಲ್ಲಿ, ನೊಬೆಲ್ 1993ರಲ್ಲಿ. ಕೆಲಸ ಬಿಡುವ ಸುಖವನ್ನು ನಾನು ಅಲ್ಲಗಳೆಯುತ್ತಿಲ್ಲ. ನಾಲ್ಕು ಪುಸ್ತಕ ಬರೆದ ಮೇಲೆ ನೀವೂ ಅನುಭವಿಸಿ.

ತಾನು ಉಂಡ ತಟ್ಟೆಯನ್ನು ತೊಳೆಯದವರ ಸಲಹೆಗೆ ಕಿವಿಗೊಡಬೇಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅಂದು ಒಂಬತ್ತು ಜನರ ಪಾತ್ರೆ ತೊಳೆದು ಮಲಗುವಾಗ ಹನ್ನೆರಡೂವರೆ ಎಂದು ನೀವೇ ಬರೆದಿದ್ದೀರಿ. ತಪಸ್ಸಿನ ಉಪದೇಶ ಮಾಡಿದವರು ಆ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದಿರಬೇಕು. "ಯೋಚಿಸಿ ನೋಡು" ಎಂದಷ್ಟೇ ಹೇಳಿ ಎದ್ದುಹೋದ ನಿಮ್ಮ ಪತಿಯ ವಿಚಾರ ಇನ್ನೊಂದು ವಾರಕ್ಕಿರಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದೇ ಒಂದು ಸಾಲು. ಪತ್ರದ ಕೊನೆಯ ಪುಟದಲ್ಲಿ, ಮಕ್ಕಳ ಈಜು ತರಗತಿಯ ವೇಳೆಯನ್ನು ವಿವರಿಸುವ ನಡುವೆ, "ಆರು ವರ್ಷದ ಹಿಂದೆ ಬರೆದ 14 ಪುಟಗಳು ಊರಿಗೆ ಒಯ್ಯುವ ಸೂಟ್‌ಕೇಸಿನಲ್ಲಿವೆ, ಅದೇನೂ ಲೆಕ್ಕಕ್ಕಿಲ್ಲ" ಎಂದಿದ್ದೀರಿ. ಏನಮ್ಮಾ, ಅದನ್ನು ಮೊದಲ ಸಾಲಿನಲ್ಲಿ ಹೇಳುವುದಲ್ಲವೇ?

ಆ ಪುಟಗಳನ್ನು ಇಂದೇ ಹೊರಗೆ ತೆಗೆದು, ರಾಜೀನಾಮೆ ಪತ್ರವನ್ನು ಅದೇ ಜಾಗದಲ್ಲಿಟ್ಟು ಬೀಗ ಹಾಕಿ. ನಾಳೆ ಮಕ್ಕಳು ಏಳುವ ಮುನ್ನ 15ನೆಯ ಪುಟ ಬರೆಯಿರಿ. ಕವಿಗಳು ಮತ್ತೆ ಊಟಕ್ಕೆ ಬಂದರೆ ತಟ್ಟೆ ಅವರೇ ತೊಳೆಯಲಿ.