ಪಕ್ಕದ ಮನೆಯವರ ಹೆಸರೇ ಗೊತ್ತಿರದ ಈ ಕಾಲದಲ್ಲಿ ‘ನಿನ್ನ ನೆರೆಯವನನ್ನು ಪ್ರೀತಿಸು’ ಅನ್ನೋದನ್ನು ಕ್ರೈಸ್ತರು ಹೇಗೆ ಪಾಲಿಸುತ್ತಾರೆ?

ನಿಮ್ಮ ಪ್ರಶ್ನೆ ನನಗೇ ಕೇಳಿದ ಹಾಗಿದೆ. ಬೆಂಗಳೂರಿನ ಈ ಅಪಾರ್ಟ್‌ಮೆಂಟಿಗೆ ಬಂದು ನಾಲ್ಕು ವರ್ಷ ಆದರೂ ಎದುರು ಮನೆಯವರು ನನ್ನ ಪಾಲಿಗೆ ಬರೀ ‘302’ ಆಗಿದ್ದರು. ಭಾನುವಾರ ಚರ್ಚು ತಪ್ಪಿಸುವವನಲ್ಲ ನಾನು. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಒಳ್ಳೆಯ ಸಮಾರ್ಯದವನ ಕಥೆ ಹೇಳಿಕೊಟ್ಟವನು ಬೇರೆ!

ಕಥೆ ಗೊತ್ತಿಲ್ಲದವರಿಗೆ: ‘ನನ್ನ ನೆರೆಯವನು ಯಾರು?’ ಅಂತ ಒಬ್ಬ ಪಂಡಿತ ಯೇಸುವನ್ನು ಕೇಳುತ್ತಾನೆ. ಅದಕ್ಕೆ ಯೇಸು ಹೇಳಿದ ಕಥೆ ಬೈಬಲಿನ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಯೆರೂಸಲೇಮಿನಿಂದ ಯೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಬಿಸಾಡಿರುತ್ತಾರೆ. ಯಾಜಕನೊಬ್ಬ, ದೇವಾಲಯದ ಸೇವೆಯ ಕುಲದ ಲೇವಿಯನೊಬ್ಬ ನೋಡಿಯೂ ಆಚೆ ಬದಿಯಿಂದ ಹೋಗಿಬಿಡುತ್ತಾರೆ. ನಿಲ್ಲುವವನು ಸಮಾರ್ಯ ಅನ್ನೋ ಸೀಮೆಯವನು. ಯೆಹೂದ್ಯರು ಆ ಸೀಮೆಯವರ ಜೊತೆ ಸೇರುತ್ತಲೇ ಇರಲಿಲ್ಲ.

ಎಲ್ಲರೂ ಅವನ ಕರುಣೆಯ ಬಗ್ಗೆ ಮಾತಾಡುತ್ತಾರೆ. ನನಗೆ ಇಷ್ಟ ಆಗುವುದು ಅವನ ಲೆಕ್ಕಾಚಾರ. ಗಾಯಕ್ಕೆ ಎಣ್ಣೆ ಹಚ್ಚಿ ಕಟ್ಟಿ, ಛತ್ರಕ್ಕೆ ಕರೆದೊಯ್ದು, ಆ ರಾತ್ರಿ ನೋಡಿಕೊಂಡ. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂತ ಹೇಳಿ ಹೊರಟ. ಎರಡು ನಾಣ್ಯ ಅಂದರೆ ಆಗಿನ ಎರಡು ದಿನದ ಕೂಲಿ. ಆಸ್ತಿ ಮಾರಲಿಲ್ಲ, ಪ್ರಯಾಣ ಬಿಡಲಿಲ್ಲ. ಆದರೆ ಮತ್ತೆ ಬಂದು ವಿಚಾರಿಸ್ತೀನಿ ಅಂತ ಮಾತು ಕೊಟ್ಟ. ಇಷ್ಟಾದರೆ ನಮ್ಮಂಥವರ ಕೈಲೂ ಆಗುತ್ತೆ, ಅಲ್ವಾ?

ಒಂದು ನವೆಂಬರಿನಲ್ಲಿ 302ರ ಅಮ್ಮ ಲಿಫ್ಟಿನ ಮುಂದೆ ಫೈಲು ಹಿಡಿದು ನಿಂತಿದ್ದರು. ಗಂಡ ರೈಲ್ವೆಯಲ್ಲಿದ್ದವರು, ಈಗ ಇವರಿಗೆ ಫ್ಯಾಮಿಲಿ ಪೆನ್ಷನ್. ಬದುಕಿದ್ದೀನಿ ಅಂತ ವರ್ಷಕ್ಕೊಮ್ಮೆ ತೋರಿಸಬೇಕು. ಬ್ಯಾಂಕಿಗೆ ಎರಡು ಸಲ ಹೋದರೂ ಯಂತ್ರ ಅವರ ಬೆರಳಚ್ಚು ಹಿಡಿಯಲಿಲ್ಲವಂತೆ. ವಯಸ್ಸಾದವರ ಬೆರಳ ಗೆರೆ ಸವೆದಿರುತ್ತೆ. ‘ಬೆರಳೇ ನನ್ನನ್ನ ಮರೆತುಬಿಟ್ಟಿದೆ ಕಣಪ್ಪಾ’ ಅಂದರು.

ಮುಖ ತೋರಿಸಿ ‘ಜೀವನ ಪ್ರಮಾಣ’ ಮಾಡಿಸುವ ಸೌಲಭ್ಯ 2021ರಿಂದ ಮೊಬೈಲಿನಲ್ಲೇ ಇದೆ. ಅವರ ಮನೆಯ ಕಿಟಕಿ ಪಕ್ಕ ಕುರ್ಚಿ ಹಾಕಿದೆವು. ಮಾಡಿಸುವವರ ಮುಖವನ್ನೂ ಆ್ಯಪ್ ಕೇಳುತ್ತೆ, ಹಾಗಾಗಿ ಮೊದಲು ನನ್ನದು, ಆಮೇಲೆ ಅವರದು. ಕಣ್ಣು ಮಿಟುಕಿಸಿ ಅಂದರೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತುಬಿಡೋರು! ಆರನೇ ಸಲಕ್ಕೆ ಆಯಿತು. ಇಪ್ಪತ್ತು ನಿಮಿಷದ ಕೆಲಸ. ಈಗ ಪ್ರತಿ ನವೆಂಬರಿನಲ್ಲಿ ನಮ್ಮ ಬ್ಲಾಕಿನ ಐದಾರು ಹಿರಿಯರು ಬರುತ್ತಾರೆ. ನನ್ನ ಫೋನಿನಲ್ಲಿ ಅವರ ಪಟ್ಟಿ, ಅಕ್ಟೋಬರ್ ಕೊನೆಗೊಂದು ಅಲಾರಂ ಇದೆ. ಮತ್ತೆ ಬಂದು ವಿಚಾರಿಸೋದು ಅಂದರೆ ನನ್ನ ಮಟ್ಟಿಗೆ ಆ ಅಲಾರಮ್ಮೇ.

ಹಾಗಂತ ನನ್ನನ್ನು ದೊಡ್ಡ ಮನುಷ್ಯ ಅಂದುಕೊಳ್ಳಬೇಡಿ. ಒಂದು ಭಾನುವಾರ ಬೆಳಿಗ್ಗೆ ರಸ್ತೆಯಲ್ಲಿ ಬೈಕ್ ಬಿದ್ದಿತ್ತು, ಹುಡುಗನೊಬ್ಬ ಕಾಲು ಹಿಡಿದು ಕೂತಿದ್ದ. ಆರಾಧನೆಗೆ ತಡವಾಗಿದೆ, ಸುಮ್ನೆ ಪೊಲೀಸು, ಸಾಕ್ಷಿ ಅಂತ ಅಲೆಯೋದ್ಯಾಕೆ ಅಂತ ಕಾರು ನಿಲ್ಲಿಸಲಿಲ್ಲ. ಚರ್ಚಿನಲ್ಲಿ ಅವತ್ತು ಏನು ಹಾಡಿದೆವೋ ನೆನಪಿಲ್ಲ, ಆ ಹುಡುಗನ ಒಂದೇ ಚಪ್ಪಲಿ ನೆನಪಿದೆ. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು: 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಹೊಸ ಸೆಕ್ಷನ್ ಸೇರಿದೆ. ಗಾಯಾಳುವಿಗೆ ಸಹಾಯ ಮಾಡಿದವರನ್ನು ಹೆಸರು ಹೇಳಿ ಅಂತ ಒತ್ತಾಯಿಸುವಂತಿಲ್ಲ. ಕಾಯ್ದೆಯಲ್ಲೇ ಅಂಥವರನ್ನು ‘ಗುಡ್ ಸಮರಿಟನ್’, ಅಂದರೆ ಅದೇ ಒಳ್ಳೆಯ ಸಮಾರ್ಯದವನು, ಅಂತ ಕರೆದಿದ್ದಾರೆ! ಇದನ್ನು ತಿಳಿದು ನಾಚಿಕೆ ಇನ್ನೂ ಜಾಸ್ತಿ ಆಯಿತು. ಈಗ ಏನಿಲ್ಲ ಅಂದರೂ ನಿಂತು 108ಕ್ಕೆ ಫೋನ್ ಮಾಡುತ್ತೇನೆ.

ಇನ್ನೆರಡು ಮಾತು, ನಮ್ಮವರಲ್ಲೇ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಅಕ್ಕಿ ಚೀಲ ಕೊಡುವಾಗ ತೆಗೆದ ಫೋಟೋ ಸ್ಟೇಟಸ್ಸಿಗೆ ಹಾಕಬೇಡಿ. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ನಾವೇ ಓದುತ್ತೇವೆ. ಮತ್ತೆ ಸಹಾಯದ ಜೊತೆ ಕರಪತ್ರ ಸೇರಿಸಬೇಡಿ. ಸಮಾರ್ಯದವನು ಎಣ್ಣೆ ಹಚ್ಚಿದ, ಉಪದೇಶ ಮಾಡಲಿಲ್ಲ. ನಾನು ಯಾವ ಚರ್ಚು ಅಂತ 302ರ ಅಮ್ಮನಿಗೆ ತಿಳಿದದ್ದು ಎಷ್ಟೋ ತಿಂಗಳಾದ ಮೇಲೆ, ಅದೂ ಕ್ರಿಸ್ಮಸ್‌ಗೆ ಕಜ್ಜಾಯ, ಕಲ್ಕಲ್ ಕೊಡಲು ಹೋದಾಗ.

ನೀವು ಶುರು ಮಾಡುವುದಾದರೆ ಹೆಸರಿನಿಂದಲೇ ಶುರು ಮಾಡಿ. ಇಷ್ಟು ವರ್ಷ ಬಿಟ್ಟು ಈಗ ಹೇಗೆ ಕೇಳೋದು ಅಂತ ಮುಜುಗರ ಆಗುತ್ತೆ, ನನಗೂ ಆಗಿತ್ತು. ಅವತ್ತು ಆ್ಯಪಿನಲ್ಲಿ ಹೆಸರು ತುಂಬಬೇಕಾಗಿ ಬಂದಾಗಲೇ ನಾನು ಕೇಳಿದ್ದು. ‘ನಾಲ್ಕು ವರ್ಷ ಆಯ್ತು ಅಮ್ಮ, ನಿಮ್ಮ ಹೆಸರೇ ಕೇಳಿಲ್ಲ ನಾನು’ ಅಂದೆ.

‘ನಾನೇನು ನಿನ್ನದು ಕೇಳಿದ್ನಾ? ನಮ್ಮನೇಲಿ ನೀನು 301’ ಅಂದರು.